ಉಡಿಯಲ್ಲಿ ಬಂದ ಡಿಸ್‌ಪ್ಲೇ

ಗಣಕಯಂತ್ರದ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ಕಾಲದವಳು ನಾನು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಒಳಗೆ ಧೂಳು ಬರಬಾರದೆಂದು ಆ ನಿಯಮ ಮಾಡಿದ್ದರಂತೆ. ಆದರೆ ನಮ್ಮಂಥವರು ಒಮ್ಮೆ ಚಪ್ಪಲಿ ಬಿಟ್ಟೆವೆಂದರೆ ಕೈಗಳು ತಾವಾಗಿಯೇ ಜೋಡಿಕೊಳ್ಳುತ್ತವೆ. ಕಚೇರಿಗೆ ಹೊಸ ಪ್ರಿಂಟರ್ ಬಂದ ದಿನ ನಾನು ಅದರ ಮುಂದೆ ಹೀಗೆ ಕೈ ಮುಗಿದು ನಿಂತದ್ದನ್ನು ಸಿಪಾಯಿ ನೋಡಿದ. ಮರುದಿನದಿಂದ ಬೆಳಿಗ್ಗೆ ಅದರ ತಲೆಯ ಮೇಲೊಂದು ಹೂ ಇಡತೊಡಗಿದ. ಅವನು ಭಕ್ತಿಯಿಂದ ಇಡುತ್ತಿದ್ದನೋ ನನ್ನನ್ನು ಅಣಕಿಸಲು ಇಡುತ್ತಿದ್ದನೋ ಇವತ್ತಿಗೂ ನನಗೆ ತಿಳಿಯದು.

ಇದು ನವನಗರದ ಮಾತು. ಹಳೆಯ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ನಾವೆಲ್ಲ ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತುಕೊಂಡು ದಿಬ್ಬದ ಮೇಲಿನ ಈ ಹೊಸ ಊರಿಗೆ ಬಂದಿದ್ದೆವು. ಓಣಿಗಳು ಹೋಗಿ ಸೆಕ್ಟರುಗಳು ಬಂದಿದ್ದವು. ಹೆಸರಿದ್ದ ಜಾಗಗಳಿಗೆಲ್ಲ ನಂಬರು ಬಂದಿತ್ತು. ಅಂಥದೊಂದು ನಂಬರಿನ ಸೆಕ್ಟರಿನಲ್ಲಿದ್ದ ಸರ್ಕಾರಿ ಕಚೇರಿಯಲ್ಲಿ ನಾನು ಹೆಡ್ ಕ್ಲರ್ಕ್. ಎಲ್ಲರೂ ನನ್ನನ್ನು, ಅಮ್ಮನವರೇ ಎನ್ನುವ ಹಾಗೆ, ‘ಬಾಯಾರ’ ಎಂದೇ ಕರೆಯುತ್ತಿದ್ದರು. ಟೈಪ್‌ರೈಟರಿನ ಮುಂದೆ ಬೆರಳು ಸವೆಸಿದ್ದ ನನಗೆ, ಸದ್ದಿಲ್ಲದೆ ಬಿಸಿಬಿಸಿ ಕಾಗದ ಹೊರಗೆ ಕೊಡುವ ಆ ಪೆಟ್ಟಿಗೆ ದೊಡ್ಡ ವಿಸ್ಮಯವಾಗಿತ್ತು. ಮುದ್ರಿಸಿದ ಹಾಳೆಯನ್ನು ಚಪಾತಿಯಂತೆ ಕೆನ್ನೆಗೆ ಒತ್ತಿ ನೋಡಿಕೊಂಡದ್ದೂ ಉಂಟು.

ಆ ಪೆಟ್ಟಿಗೆಯಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಅದರ ಹಣೆಯ ಮೇಲಿದ್ದ ಡಿಸ್‌ಪ್ಲೇ. ಕಡ್ಡಿಪೆಟ್ಟಿಗೆಗಿಂತ ತುಸು ಉದ್ದ. ಹಸಿರು ಬೆಳಕು. ಅದರೊಳಗೆ ಕರಿ ಇರುವೆಗಳು ಸಾಲಾಗಿ ಬಂದು ನಿಂತಂತೆ ಎರಡು ಸಾಲು ಅಕ್ಷರ. ಕಾಗದ ಮುಗಿದರೆ ಮುಗಿಯಿತು ಎನ್ನುತ್ತಿತ್ತು, ಸಿಕ್ಕಿಕೊಂಡರೆ ಸಿಕ್ಕಿಕೊಂಡಿತು ಎನ್ನುತ್ತಿತ್ತು. ಏನೂ ತೊಂದರೆ ಇಲ್ಲದಾಗ ಇಂಗ್ಲಿಷಿನಲ್ಲಿ ‘ರೆಡಿ’ ಎಂದು ಹೇಳಿ ಸುಮ್ಮನೆ ಕೂಡುತ್ತಿತ್ತು. ಅಷ್ಟು ವರ್ಷ ಸರ್ಕಾರಿ ಕೆಲಸ ಮಾಡಿದ್ದರೂ, ಎದುರಿಗೆ ಹೋಗಿ ನಿಂತ ಕೂಡಲೇ ‘ನಾನು ತಯಾರಿದ್ದೇನೆ’ ಎನ್ನುವ ಒಬ್ಬರನ್ನೂ ನಾನು ಕಂಡಿರಲಿಲ್ಲ. ಹಾಜರಿ ಹಾಕುವ ಮೊದಲು ಹೋಗಿ ಅದನ್ನೊಮ್ಮೆ ಓದಿ ಬರುವುದು ನನಗೆ ರೂಢಿಯಾಯಿತು.

ಈ ಯಂತ್ರವನ್ನು ನೋಡಿಕೊಳ್ಳುತ್ತಿದ್ದವಳು ಗಿರಿಜಾ. ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿ. ಬಾಗಲಕೋಟೆಯಲ್ಲಿ ಟಂಟಂ ಆಟೋ ಓಡಿಸುವವನನ್ನು ಮದುವೆಯಾಗಿ ಬಂದಿದ್ದಳು. ದಿನಗೂಲಿಯ ಮೇಲೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದಳು. ಗಂಡನ ಟಂಟಂ ಅರ್ಧ ವಾರ ಓಡುತ್ತಿತ್ತು, ಇನ್ನರ್ಧ ವಾರ ಗ್ಯಾರೇಜಿನಲ್ಲಿ ಇರುತ್ತಿತ್ತು. ಆದ್ದರಿಂದ ಮನೆ ನಡೆಯುತ್ತಿದ್ದದ್ದು ಇವಳ ಕೂಲಿಯ ಮೇಲೆಯೇ. ನೆಟ್ಟಗಿನ ಮಾತು, ನೆಟ್ಟಗಿನ ನಡೆ. ಸುಳ್ಳು ಹೇಳಬೇಕಾದಲ್ಲಿ ಸುಮ್ಮನಿರುವುದೂ ಅವಳಿಗೆ ಬರುತ್ತಿರಲಿಲ್ಲ. ಕಚೇರಿಗಳಲ್ಲಿ ಇಂಥವರ ಬಗ್ಗೆ ಮೊದಲಿನಿಂದಲೇ ಸ್ವಲ್ಪ ಚಿಂತೆ ಮಾಡಬೇಕಾಗುತ್ತದೆ.

ಇನ್ನು ಗಾಳಿಯ ವಿಷಯ. ನವನಗರಕ್ಕೆ ಆಗಿನ್ನೂ ಗಿಡಗಳು ಬೆಳೆದಿರಲಿಲ್ಲ. ಆಷಾಢದ ಗಾಳಿ ಬಯಲಿನಿಂದ ನೇರವಾಗಿ ಕಚೇರಿಯೊಳಗೆ ಬಂದು, ಯಾರ ಅಪ್ಪಣೆಯೂ ಇಲ್ಲದೆ ಕಡತಗಳನ್ನು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತಿತ್ತು. ಅದಕ್ಕೇ ನಮ್ಮಲ್ಲಿ ಎಲ್ಲರ ಟೇಬಲ್ ಮೇಲೂ ಇಳಕಲ್ಲಿನ ಕೆಂಪು ಗ್ರಾನೈಟಿನ ತುಂಡುಗಳಿದ್ದವು. ಕಾರ್ಖಾನೆಯವರು ಮಾದರಿಗೆಂದು ಕೊಯ್ದು ಹೊಳಪು ಕೊಟ್ಟ ತುಂಡುಗಳು ಅವು, ಮುಖ ಕಾಣುವಷ್ಟು ನುಣುಪು. ಉಟ್ಟರೆ ಮೈಮೇಲೆ ಇರುವುದೇ ಗೊತ್ತಾಗದಂಥ ಸೀರೆ, ಎತ್ತಿದರೆ ಕೈ ಸೋಲುವಂಥ ಕಲ್ಲು ಎರಡೂ ಒಂದೇ ಊರಿನಿಂದ ಬರುತ್ತವೆ ಎಂಬುದನ್ನು ನೆನೆದು ನಾನು ಎಷ್ಟೋ ಸಲ ಬೆರಗಾಗಿದ್ದೇನೆ. ಆ ಕಲ್ಲುಗಳಿಗೆ ಖಾಯಂ ಜಾಗ ಇರಲಿಲ್ಲ. ಯಾರ ಕಾಗದ ಹಾರುತ್ತದೋ ಅಲ್ಲಿಗೆ ಅವು ಪ್ರಯಾಣ ಮಾಡುತ್ತಿದ್ದವು. ಹಾಗೆ ಒಂದು ಕಲ್ಲು ಪ್ರಿಂಟರಿನ ಪಕ್ಕದ ಕಪಾಟಿನ ಮೇಲೆ, ಒಂದು ಕಟ್ಟು ಕಾಗದದ ಮೇಲೆ ಕುಳಿತಿತ್ತು. ಒಂದು ಮಧ್ಯಾಹ್ನ ಗಾಳಿ ಕಿಟಕಿಯನ್ನೇ ದೂಡಿಕೊಂಡು ಬಂದು ಕಾಗದದ ಕಟ್ಟನ್ನು ಎಳೆಯಿತು. ಕಟ್ಟಿನ ಜೊತೆ ಕಲ್ಲೂ ಜಾರಿ ಸೀದಾ ಡಿಸ್‌ಪ್ಲೇ ಮೇಲೆ ಬಿತ್ತು.

ಹಸಿರು ಬೆಳಕು ಆರಿತು. ಗಾಜಿನೊಳಗೆ ಕಪ್ಪು ಶಾಯಿ ಚೆಲ್ಲಿದಂತಾಯಿತು. ಅಷ್ಟು ಗಟ್ಟಿಯಾದ ಪೆಟ್ಟಿಗೆಯಲ್ಲಿ ಉಳಿದ ಎಲ್ಲವೂ ಚೆನ್ನಾಗಿಯೇ ಇತ್ತು.

ನಮ್ಮ ಸಾಹೇಬರು ಕೆಟ್ಟವರಲ್ಲ, ಅಂಜುವವರು. ಮೇಲಿನವರು ಕೇಳಿದರೆ ಏನು ಹೇಳಲಿ ಎಂಬ ಪ್ರಶ್ನೆಯನ್ನು ಅವರು ಜೇಬಿನಲ್ಲಿ ಕರವಸ್ತ್ರದ ಜೊತೆಗೇ ಇಟ್ಟುಕೊಂಡಿರುತ್ತಿದ್ದರು. ಗಾಳಿಗೆ ನೋಟಿಸು ಕೊಡಲು ಬರುವುದಿಲ್ಲ, ಕಲ್ಲಿನಿಂದ ವಿವರಣೆ ಕೇಳಲು ಬರುವುದಿಲ್ಲ. ಉಳಿದವಳು ಗಿರಿಜಾ.

“ಮಷೀನು ಯಾರ ಕೈಯಾಗಿತ್ತು, ಅವರ ಜವಾಬ್ದಾರಿ. ಬರಕೋ,” ಎಂದು ಅವರು ಆದೇಶ ಹೇಳಿ ಬರೆಸಿದರು. ನಿರ್ಲಕ್ಷ್ಯದಿಂದ ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದ್ದಕ್ಕಾಗಿ ಶ್ರೀಮತಿ ಗಿರಿಜಾ ಇವರನ್ನು ಕೆಲಸದಿಂದ ತೆಗೆಯಲಾಗಿದೆ, ಇತ್ಯಾದಿ. ಕಂಪ್ಯೂಟರಿನಲ್ಲಿ ಟೈಪು ಮಾಡಲು ಬೇರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಗಿರಿಜಾಳೇ ಟೈಪು ಮಾಡಿದಳು. ತನ್ನ ಹೆಸರಿನಲ್ಲಿ ಒಂದು ದೀರ್ಘವೂ ತಪ್ಪಲಿಲ್ಲ.

“ಪ್ರಿಂಟ್ ಕೊಡು,” ಎಂದರು ಸಾಹೇಬರು.

ಅವಳು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಪ್ರಿಂಟರ್ ಕೆಟ್ಟದ್ದಕ್ಕೇ ಈ ಆದೇಶ ಹೊರಟಿದ್ದು ಎಂಬುದು ಸಾಹೇಬರಿಗೆ ಆಗ ಹೊಳೆಯಿತು. ನಮಗೆಲ್ಲ ನಗು ಬಂದರೂ ಗಿರಿಜಾಳ ಮುಖ ನೋಡಿ ಯಾರೂ ನಗಲಿಲ್ಲ.

ಟೈಪ್‌ರೈಟರ್ ಆಗಲೇ ಹರಾಜಿಗೆ ಹೋಗಿತ್ತು. ಬೇರೆ ಕಾಗದಗಳನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಹೋಗಿ ಬಜಾರದ ಅಂಗಡಿಯಲ್ಲಿ ಮುದ್ರಿಸಿ ತರುತ್ತಿದ್ದೆವು. ಆದರೆ ಕೆಲಸದಿಂದ ತೆಗೆಯುವ ಆದೇಶವನ್ನು ಲಗ್ನಪತ್ರಿಕೆಗಳ ನಡುವೆ ಮುದ್ರಿಸುವುದು ಸಾಹೇಬರಿಗೆ ಒಗ್ಗಲಿಲ್ಲ. ಕೈಯಲ್ಲಿ ಬರೆದರೆ ಅದಕ್ಕೆ ತೂಕ ಇರುವುದಿಲ್ಲ. ಕೊನೆಗೆ, “ಪ್ರಿಂಟರ್ ರಿಪೇರಿ ಆಗೂತನಕ ಬರ್ಲಿ. ಆಮ್ಯಾಲ ನೋಡೋಣು,” ಎಂದರು. ಆದೇಶ ಕಂಪ್ಯೂಟರಿನೊಳಗೆ ತನ್ನ ಸರದಿಗಾಗಿ ಕಾಯುತ್ತ ನಿಂತಿತು. ಯಂತ್ರ ಎಷ್ಟು ದಿನ ಕೆಟ್ಟಿರುತ್ತದೋ ಅಷ್ಟು ದಿನ ಗಿರಿಜಾಳ ಅನ್ನ ಗಟ್ಟಿ, ಸರಿಹೋದ ದಿನ ಅದರ ಬಾಯಿಂದ ಬರುವ ಮೊದಲ ಹಾಳೆಯೇ ಅವಳನ್ನು ಮನೆಗೆ ಕಳಿಸುವುದು. ಅದನ್ನು ಸರಿಮಾಡಿಸಲು ಓಡಾಡಬೇಕಾದವಳೂ ಅವಳೇ, ಜೊತೆಗೆ ನಾನು.

ಮೆಕ್ಯಾನಿಕ್ ಬಂದು ಪೆಟ್ಟಿಗೆ ಬಿಚ್ಚಿ ನೋಡಿದ. “ಚಾಲೂ ಮಾಡಿದ ಕೂಡಲೇ ಮಷೀನು ಮೊದಲ ಡಿಸ್‌ಪ್ಲೇನ ಮಾತಾಡಸ್ತೈತ್ರಿ ಬಾಯಾರ. ಅದು ‘ಓ’ ಅನಲಿಲ್ಲಂದ್ರ ಇದು ಮುಂದ ಕೆಲಸಾನ ಮಾಡೂದಿಲ್ಲ,” ಎಂದ. ಕಂಪನಿಯವರು ಈ ಮಾದರಿಯನ್ನು ನಿಲ್ಲಿಸಿಬಿಟ್ಟಿದ್ದಾರೆ, ಡಿಸ್‌ಪ್ಲೇ ಒಂದೇ ಬೇಕೆಂದರೆ ಸಿಗುವುದಿಲ್ಲ, ಇಂಥದೇ ಯಂತ್ರ ಎಲ್ಲಾದರೂ ಹಾಳಾಗಿ ಬಿದ್ದಿದ್ದರೆ ಅದರದ್ದು ಬಿಚ್ಚಿ ತರಬೇಕು ಎಂದೂ ಹೇಳಿದ. ಬೆಳಿಗ್ಗೆ ಎದ್ದು ತನ್ನವರನ್ನು ಮಾತಾಡಿಸಿ, ಅವರು ಓಗೊಟ್ಟ ಮೇಲೆಯೇ ಕೆಲಸಕ್ಕೆ ಕೈ ಹಾಕುವ ಯಂತ್ರ! ಎಷ್ಟು ಮನೆಗಳಲ್ಲಿ ಮನುಷ್ಯರೇ ಇದನ್ನು ಮಾಡುವುದಿಲ್ಲ. ನನ್ನ ಭಕ್ತಿ ಇಮ್ಮಡಿಸಿತು.

ಇದೇ ಮಾದರಿಯದು ಬಾದಾಮಿಯ ಒಂದು ಲಾಡ್ಜಿನಲ್ಲಿದೆ ಎಂದು ಮೆಕ್ಯಾನಿಕ್ಕನೇ ಹೇಳಿದ್ದರಿಂದ ಒಂದು ರವಿವಾರ ನಾವಿಬ್ಬರೂ ಬಾದಾಮಿಗೆ ಹೋದೆವು. ಲಾಡ್ಜಿನ ಮ್ಯಾನೇಜರು ಸಜ್ಜನರು. ಕೀಲಿ ತೆಗೆದು ಪ್ರಿಂಟರ್ ತೋರಿಸಿದರು. ಹೌದು, ಅದಕ್ಕೆ ಕೀಲಿ ಇತ್ತು. ಮಂಗಗಳ ಕಾಟಕ್ಕೆ ಕಬ್ಬಿಣದ ಜಾಳಿಗೆಯ ಪಂಜರ ಮಾಡಿಸಿ ಅದರೊಳಗೆ ಇಟ್ಟಿದ್ದರು. ಬಾದಾಮಿಯಲ್ಲಿ ಮಂಗಗಳು ಹೊರಗೆ ಓಡಾಡುತ್ತವೆ, ಬೆಲೆಬಾಳುವ ವಸ್ತುಗಳು ಪಂಜರದಲ್ಲಿರುತ್ತವೆ. ಕಂಬಿಗಳ ಹಿಂದೆ ಹಸಿರು ಬೆಳಕಿನಲ್ಲಿ ‘ರೆಡಿ’ ಎಂದು ಕಂಡಾಗ ನನ್ನ ಕೈಗಳು ತಾವಾಗಿಯೇ ಜೋಡಿಕೊಂಡವು. ಆದರೆ ಅದು ಜೀವಂತ ಯಂತ್ರ. ಬೇರೆಯವರ ಮನೆಯ ಕೂಸನ್ನು ಕಂಡಂತೆ ದೂರದಿಂದಲೇ ಕಣ್ತುಂಬ ನೋಡಿ ಸುಮ್ಮನಾದೆವು. ನಮ್ಮ ಮುಖ ನೋಡಿ ಕನಿಕರಪಟ್ಟ ಮ್ಯಾನೇಜರು, ತಾವು ಕೊಂಡಾಗಲೇ ಹುನಗುಂದದ ಟೈಪಿಂಗ್ ಕ್ಲಾಸಿನವರೂ ಒಂದು ಕೊಂಡಿದ್ದರೆಂದು ಹೇಳಿದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಗಸ್ತ್ಯತೀರ್ಥದ ಕೆರೆಯ ಮೆಟ್ಟಿಲ ಮೇಲೆ ಕುಳಿತು ಗಿರಿಜಾ ತಂದಿದ್ದ ರೊಟ್ಟಿ ತಿಂದೆವು. ಎದುರಿಗೆ ಕೆಂಪು ಬಂಡೆ ಆಕಾಶದವರೆಗೆ ಎದ್ದು ನಿಂತಿತ್ತು. ಆ ಬಂಡೆಯನ್ನು ಎಷ್ಟು ಸಲ ನೋಡಿದರೂ ಬಾಯಿ ತಾನಾಗಿ ಮುಚ್ಚುತ್ತದೆ. ನಮ್ಮ ಕಡೆಯ ಗುಡಿಗಳ ಕಂಬಗಳ ಮೇಲೆ ಕನ್ನಡಿ ಹಿಡಿದ ಹೆಣ್ಣನ್ನು ಕೆತ್ತುವುದುಂಟು. ಅವಳ ಕೊರಳ ಸರದ ಒಂದೊಂದು ಮಣಿಯನ್ನೂ ಬಿಡಿಸಿದ ಶಿಲ್ಪಿ, ಕನ್ನಡಿಯನ್ನು ಮಾತ್ರ ಬರೇ ಕಲ್ಲಾಗಿ ಬಿಟ್ಟಿರುತ್ತಾನೆ. ಅದರಲ್ಲಿ ಏನೂ ಕಾಣುವುದಿಲ್ಲ. ಆದರೂ ಅಷ್ಟು ಶತಮಾನಗಳಿಂದ ಅವಳು ಅದನ್ನು ನೋಡಿಕೊಂಡೇ ಬೈತಲೆ ತಿದ್ದುತ್ತಿದ್ದಾಳೆ, ಬೈತಲೆ ಸೊಟ್ಟಗಾಗಿಲ್ಲ. ಕುರುಡು ಕನ್ನಡಿಯ ಮುಂದೆಯೂ ಕೆಲಸ ನಿಲ್ಲಿಸದ ಅವಳನ್ನು ನಮ್ಮ ಪ್ರಿಂಟರಿಗೆ ತೋರಿಸಬೇಕಿತ್ತು ಎಂದುಕೊಂಡೆ.

ಮುಂದಿನ ರವಿವಾರ ಹುನಗುಂದ. ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟಿನ ಪೊಟ್ಟಣ ಕೊಂಡು, ಗಿರಿಜಾಳ ಬಾಯಿ ಸಿಹಿ ಮಾಡಿಸಿ, ನನ್ನ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ತೆಗೆದೆ.

“ಗಿರಿಜಾ, ಇಷ್ಟ್ಯಾಕ ಗಡಬಡಿ ಮಾಡ್ತಿ? ಡಿಸ್‌ಪ್ಲೇ ಸಿಗಲಿಲ್ಲ ಅಂದ್ರ ನಿನಗ ಛಲೋನ ಆತಲ್ಲ. ಹುಡಿಕ್ಯಾಡಕೋತ ಇರೋಣು.”

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: “ಒಡದಾಕಿ ಅನಿಸ್ಕೊಂಡು ಕುಂತು ಪಗಾರ ತಗೊಳೂದು ನನಗ ಆಗೂದಿಲ್ರಿ ಬಾಯಾರ. ಮೊದಲ ಅದು ಛಲೋ ಆಗಲಿ. ಆಮ್ಯಾಲ ತಗದ್ರ ತಗೀಲಿ.”

“ತಗದ್ರ ಮನಿ ಹೆಂಗ?”

“ಅದನ್ನ ನೆನಸಿದ್ರ ನಿದ್ದಿ ಬರೂದಿಲ್ರಿ,” ಎಂದಳು. ಕರದಂಟಿನ ಅರ್ಧ ತುಂಡು ಅವಳ ಕೈಯಲ್ಲೇ ಉಳಿಯಿತು.

ಹುನಗುಂದದ ಟೈಪಿಂಗ್ ಕ್ಲಾಸಿನವರು ತಮ್ಮ ಯಂತ್ರವನ್ನು ಎಂದೋ ಇಳಕಲ್ಲಿನ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರಿಗೆ ಮಾರಿದ್ದರು. “ಅದು ಬಂದ್ ಬಿದ್ದು ಭಾಳ ದಿನ ಆತು. ಆದ್ರ ಮಾಸ್ತರ್ರು ಕೊಡೂದು ಕಠಿಣ ಐತ್ರಿ,” ಎಂದು ಎಚ್ಚರಿಸಿ ಕಳಿಸಿದರು. ಅಲ್ಲಿಂದ ಇಳಕಲ್ಲು ಹತ್ತಿರ. ಅದೇ ದಿನ ಹೋದೆವು.

ಮಾಸ್ತರರ ಮನೆಯಿದ್ದ ಓಣಿಯ ತುಂಬ ಮಗ್ಗದ ಸಪ್ಪಳ. ಅವರು ಸಾಲೆಯ ಕೆಲಸ ಮುಗಿದ ಮೇಲೆ ಸೀರೆಯ ದಡಿಗಳಿಗೆ ನಕ್ಷೆ ಬರೆದುಕೊಡುವ ಉದ್ಯೋಗ ಹಿಡಿದಿದ್ದರು. ಮೊದಲು ಕೈಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಆ ನಕ್ಷೆಗಳನ್ನು ಮುದ್ರಿಸಲೆಂದೇ ಪ್ರಿಂಟರ್ ತಂದಿದ್ದರು. ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಅದರ ಒಳಗಿನ ಬೋರ್ಡು ಸುಟ್ಟಿತ್ತು. ಈಗ ಅದು ಪಡಸಾಲೆಯ ಮೂಲೆಯಲ್ಲಿ, ಕಸೂತಿಯ ಮುಸುಕು ಹೊದ್ದುಕೊಂಡು, ಮನೆಯ ಹಿರಿಯರ ಹಾಗೆ ಕುಳಿತಿತ್ತು. ಅವರ ಹೆಂಡತಿ ಪಾರವ್ವ ನೀರು ಕೊಟ್ಟು, ಅಡಿಗೆಮನೆಯ ಬಾಗಿಲಿಗೆ ಆತು ನಿಂತರು.

ನಾನು ಸುತ್ತಿ ಬಳಸಿ ಮಾತು ಶುರುಮಾಡಬೇಕೆಂದಿದ್ದೆ. ಗಿರಿಜಾ ಅಷ್ಟು ತಾಳಲಿಲ್ಲ. ಗಾಳಿ, ಕಲ್ಲು, ಆದೇಶ, ಟಂಟಂ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. “ನಿಮ್ಮ ಮಷೀನು ಹೆಂಗೂ ಬಂದ್ ಬಿದ್ದೈತಲ್ರಿ, ಡಿಸ್‌ಪ್ಲೇ ಒಂದ ಕೊಟ್ರ ನಮ್ಮದು ನಡೀತೈತ್ರಿ,” ಎಂದಳು. ‘ಬಂದ್ ಬಿದ್ದೈತಿ’ ಎಂಬ ಮಾತಿಗೆ ಮಾಸ್ತರರು ಎದ್ದು ಕುಳಿತರು.

“ಬಂದ್ ಬಿದ್ದಿಲ್ಲವ್ವ ಅದು, ಮಲಗೇತಿ. ಹುಬ್ಬಳ್ಳಿಗೆ ಒಯ್ದು ಬೋರ್ಡು ಹಾಕಸ್ತೇನಿ. ಇದರದ್ದೊಂದು ಸ್ಕ್ರೂ ಸೈತ ಕೊಡಾಂವಲ್ಲ ನಾ.”

ಪಾರವ್ವ ಬಾಗಿಲಿನಿಂದಲೇ, “ಹುಬ್ಬಳ್ಳಿ ಬಸ್ಸು ಎಷ್ಟ ದೀಪಾವಳಿ ಆತ್ರಿ ಇವರಿಗೆ ಸಿಗವಲ್ಲದು,” ಎಂದರು. ಮಾಸ್ತರರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳುವ ರೂಢಿ ಇರಲಿಲ್ಲ.

ಆದರೆ ಮಾಸ್ತರಿಕೆ ಎಂಬುದು ಪೆನ್ಶನ್ ಬಂದ ಮೇಲೂ ಹೋಗುವಂಥದಲ್ಲ. ಕೇಳುವವರು ಇಬ್ಬರು ಸಿಕ್ಕಿದ್ದರು. ತಮ್ಮ ಯಂತ್ರ ಎಷ್ಟು ಸುಸ್ಥಿತಿಯಲ್ಲಿದೆ ಎಂದು ನಮಗೆ ಮನಗಾಣಿಸಲು ಅವರು ಮುಸುಕು ತೆಗೆದರು, ಕನ್ನಡಕ ಏರಿಸಿದರು, ಸ್ಕ್ರೂ ಬಿಚ್ಚಿದರು. ಒಂದೊಂದು ಭಾಗವನ್ನೂ ಹೆಸರು ಹೇಳಿ ಚಾಪೆಯ ಮೇಲೆ ಹಾಸಿದ ಪಂಚೆಯ ಮೇಲೆ ಇಟ್ಟರು. ಕೊನೆಗೆ ಡಿಸ್‌ಪ್ಲೇಯನ್ನು ಅದರ ಪಟ್ಟಿ ವೈರಿನ ಸಮೇತ ನಾಜೂಕಾಗಿ ಬಿಡಿಸಿ, ಬೆಳಕಿಗೆ ಹಿಡಿದು, “ನೋಡ್ರಿ, ಒಂದ ಗೀರು ಐತೇನು? ಸಿಡಿಲು ಇದರ ಕಡೆ ಹಣಿಕೀನೂ ಹಾಕಿಲ್ಲ!” ಎಂದರು. ಆಕಾಶದಿಂದ ಇಳಿದು ಬಂದ ಬೆಂಕಿ ದಪ್ಪ ಬೋರ್ಡನ್ನು ಸುಟ್ಟು ಆ ತೆಳ್ಳನೆಯ ಗಾಜನ್ನು ಬಿಟ್ಟು ಹೋದದ್ದು ನನಗೂ ಪವಾಡವೆಂದೇ ತೋರಿತು. ಅದನ್ನೂ ಪಂಚೆಯ ಮೇಲೆ ಇಟ್ಟು ಅವರು ಉರುಳೆಗಳ ಪಾಠಕ್ಕೆ ಹೊರಳಿದರು. ನಾವು ಏಳಲು ಅನುವಾದೆವು. ಗಿರಿಜಾಳ ಕಣ್ಣು ಆ ಗಾಜಿನ ಮೇಲಿಂದ ಏಳುತ್ತಿರಲಿಲ್ಲ.

“ಹಂಗ ಹೋಗಬ್ಯಾಡ್ರಿ. ಮೊದಲ ಸಲ ಮನಿಗೆ ಬಂದೀರಿ, ಉಡಿ ತುಂಬತೇನಿ,” ಎಂದರು ಪಾರವ್ವ.

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಚೀಲ, ಪೆಟ್ಟಿಗೆ, ಬ್ಯಾಂಕು ಇವೆಲ್ಲ ಬರುವ ಮೊದಲು ಹೆಂಗಸಿಗೆ ಇದ್ದದ್ದು ಇದೊಂದೇ ಭಂಡಾರ. ಸೆರಗು ಒಡ್ಡಿದರೆ ಅದೇ ಉಡಿ. ಗಂಡಸರ ಜೇಬಿಗೆ ಲೆಕ್ಕ ಕೇಳುವವರಿರುತ್ತಾರೆ, ಉಡಿಗೆ ಇಲ್ಲ. ಅದರಲ್ಲಿ ಬಿದ್ದದ್ದನ್ನು ಬೇಡ ಎನ್ನುವ ಹಾಗಿಲ್ಲ, ಕೊಟ್ಟವರು ತಿರುಗಿ ಕೇಳುವ ಹಾಗೂ ಇಲ್ಲ. ಯಾರೂ ಬರೆದಿಡದ ಕಾನೂನು ಇದು. ನಾನು ಕಂಡ ಯಾವ ಸರ್ಕಾರಿ ಕಾನೂನಿಗೂ ಇಷ್ಟು ಜನ ಅಂಜಿದ್ದನ್ನು ನೋಡಿಲ್ಲ.

ಮಣೆ ಹಾಕಿ ನಮ್ಮನ್ನು ಕೂರಿಸಿದರು. ನನಗೆ ತುಂಬುವುದು ಬೇಗ ಮುಗಿಯಿತು. ಗಿರಿಜಾ ಸೆರಗು ಒಡ್ಡಿದಳು. ಪಾರವ್ವ ಅವಳಿಗೆ ಅರಿಷಿಣ ಕುಂಕುಮ ಹಚ್ಚಿ, ಬೊಗಸೆಬೊಗಸೆ ಅಕ್ಕಿ ಹಾಕಿದರು. ಎಲೆ ಅಡಿಕೆ, ಕೊಬ್ಬರಿ ಬಟ್ಟಲು, ದೊಡ್ಡದೊಂದು ಬೆಲ್ಲದ ಉಂಡೆ ಇಟ್ಟರು. ಆಮೇಲೆ ತಾಟಿನಲ್ಲಿದ್ದ ಕುಬಸದ ಖಣ ಕೈಗೆತ್ತಿಕೊಂಡು ಅರಗಳಿಗೆ ನಿಂತರು. ಬಗ್ಗಿದರು. ಪಂಚೆಯ ಮೇಲಿದ್ದ ಡಿಸ್‌ಪ್ಲೇಯನ್ನು ಎತ್ತಿ, ಖಣದಲ್ಲಿ ಮಡಿಸಿ, ಗಿರಿಜಾಳ ಉಡಿಯೊಳಗೆ ಅಕ್ಕಿಯ ಮೇಲೆ ಇಟ್ಟರು. ಕುಪ್ಪಸದ ಬಟ್ಟೆ ಇಟ್ಟಷ್ಟೇ ಸಹಜವಾಗಿ.

ಮಾಸ್ತರರ ಪಾಠ ನಿಂತಿತು. ಓಣಿಯ ಮಗ್ಗಗಳ ಸಪ್ಪಳ ಆಗ ಕೇಳಿಸಿತು.

“ಅಲ್ಲ... ಅದು...” ಎಂದರು ಅವರು.

“ಏನು?” ಎಂದರು ಪಾರವ್ವ. “ಉಡ್ಯಾಗ ಬಿದ್ದೈತಿ. ತಿರುಗಿ ಬೇಡತೀರೇನು? ಬೇಡ್ರಿ ನೋಡೋಣು.”

ಪದ್ಧತಿಯ ಪ್ರಕಾರ ಉಡಿ ತುಂಬಿಸಿಕೊಂಡವಳು ನಾಲ್ಕು ಕಾಳು ಅಕ್ಕಿಯನ್ನು ಮನೆಯವರಿಗೆ ಮರಳಿ ಹಾಕಬೇಕು. ಗಿರಿಜಾ ಕೈಯನ್ನು ಉಡಿಗೆ ಹಾಕಿದಾಗ ಮಾಸ್ತರರ ಮುಖದಲ್ಲಿ ಕೊನೆಯ ಆಸೆಯೊಂದು ಮೂಡಿತು. ಅವಳು ತೆಗೆದು ತಾಟಿಗೆ ಹಾಕಿದ್ದು ಅಕ್ಕಿಯನ್ನೇ. ಪಾರವ್ವ ಅವಳ ಗಲ್ಲ ಸವರಿ, “ಕೆಲಸ ಬಿಡಬ್ಯಾಡವ್ವ,” ಎಂದರು. ಆಗ ಗಿರಿಜಾ ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ಇದರಲ್ಲಿ ಮುಚ್ಚಿಡುವುದೇನಿದೆ? ಒಂದು ಮಾತು ಜೋರಾಗಿ ಆಡದೆ, ಗಂಡನ ಮಾನವನ್ನೂ ಕಳೆಯದೆ, ಆ ಹೆಂಗಸು ಮಾಡಿದ ತೀರ್ಮಾನದ ಮುಂದೆ ನಾನು ಬರೇ ಬೆರಗಾಗಿ ನಿಂತಿದ್ದೆ. ಬಾದಾಮಿಯ ಬಂಡೆಯ ಮುಂದೆ ನಿಂತಾಗಲೂ ಅಷ್ಟು ಸಣ್ಣವಳಾದಂತೆ ಅನ್ನಿಸಿರಲಿಲ್ಲ.

ನಾವು ಓಣಿಯ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ, “ನಿಂದರ್ರಿ, ನಿಂದರ್ರಿ!” ಎಂಬ ಕೂಗು. ಮಾಸ್ತರರು ಪಂಚೆ ಎತ್ತಿ ಹಿಡಿದು ಓಡಿ ಬರುತ್ತಿದ್ದರು. ಗಿರಿಜಾ ಸೆರಗನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಳು. ಅವರು ಏದುಸಿರು ಬಿಡುತ್ತ ಕಾಗದದ ಸಣ್ಣ ಪೊಟ್ಟಣವೊಂದನ್ನು ಚಾಚಿದರು.

“ಸ್ಕ್ರೂ ಬಿಟ್ಟು ಹೊಂಟೀರಲ್ಲ! ಬ್ಯಾರೇವು ಇದಕ್ಕ ಕುಂಡ್ರೂದಿಲ್ಲ. ವೈರ್ ಮಡಚಬ್ಯಾಡ್ರಿ. ಮತ್ತ... ಹಚ್ಚಿದ ಮ್ಯಾಲ ಬೆಳಕ ಬಂತಿಲ್ಲೋ, ಒಂದ ಫೋನ್ ಮಾಡ್ರಿ,” ಎಂದು ಹೇಳಿ, ಪಾಠ ಮುಗಿಸಿದವರಂತೆ ತಿರುಗಿ ನಡೆದರು.

ಗುಡೂರಿನ ಮೇಲಿಂದ ಹೋಗುವ ಬಸ್ಸು ಸಿಕ್ಕಿತು. ರಸ್ತೆ ಹೇಗಿತ್ತೆಂದರೆ, ಪ್ರತಿ ತಗ್ಗಿಗೂ ಗಿರಿಜಾ ಉಡಿಯನ್ನು ಆತುಕೊಂಡು ಸೀಟಿನಿಂದ ಅರ್ಧ ಮೇಲೇಳುತ್ತಿದ್ದಳು. ಕಂಡಕ್ಟರು ಅವಳನ್ನು ನೋಡಿ, ದಿನ ತುಂಬಿದ ಹೆಂಗಸೆಂದು ತಿಳಿದು, ಡ್ರೈವರಿಗೆ ಸಾವಕಾಶ ಹೊಡೆಯಲು ಹೇಳಿದ. ನಾವು ತಿದ್ದಲಿಲ್ಲ. ನವನಗರದವರೆಗೂ ಬಸ್ಸು ಆ ಡಿಸ್‌ಪ್ಲೇಯ ಮರ್ಯಾದೆಗೆ ಮೆಲ್ಲಗೆ ಹೋಯಿತು.

ಮರುದಿನ ಮೆಕ್ಯಾನಿಕ್ ಬಂದು ಡಿಸ್‌ಪ್ಲೇ ಕೂರಿಸಿದ. ಅದರ ಸಂದಿಯಿಂದ ಒಂದು ಅಕ್ಕಿಕಾಳು ಉದುರಿತು, ಅವನು ಏನೂ ಕೇಳದೆ ಅದನ್ನು ಪ್ರಸಾದದ ಹೂವಿನಂತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡ. ಇಡೀ ಕಚೇರಿ ಸುತ್ತ ನಿಂತಿತ್ತು. ಸಾಹೇಬರೂ ಹೊರಗೆ ಬಂದರು. ಗುಂಡಿ ಒತ್ತಿದಾಗ ಮೊದಲು ಏನೂ ಇಲ್ಲ. ಪೆಟ್ಟಿಗೆಯೊಳಗೆ ಏನೋ ಗೊಣಗಿತು. ಯಂತ್ರ ತನ್ನ ಹೊಸ ಮನೆಯವಳನ್ನು ಮಾತಾಡಿಸುತ್ತಿದೆ ಎಂದು ನನಗೆ ಗೊತ್ತಿತ್ತು. ಓ ಅನ್ನು ತಾಯೀ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಸಿರು ಬೆಳಕು ಹತ್ತಿತು. ಒಂದೊಂದೇ ಅಕ್ಷರ ಬಂದು ಸಾಲಿನಲ್ಲಿ ನಿಂತಿತು. ರೆಡಿ. ಎಲ್ಲೋ ಹುಟ್ಟಿ, ಹುನಗುಂದದಲ್ಲಿ ಬೆಳಗಿ, ಇಳಕಲ್ಲಿನಲ್ಲಿ ಸಿಡಿಲು ಕಂಡು, ಅಕ್ಕಿಯ ಮೇಲೆ ಮಲಗಿ ಬಂದ ಆ ಚೂರು ಗಾಜು, ಪರಕೀಯ ಯಂತ್ರದ ಹಣೆಯ ಮೇಲೆ ಕುಳಿತು ಅದರ ಮಾತನ್ನು ತನ್ನದೇ ಎಂಬಂತೆ ಆಡುತ್ತಿತ್ತು. ನಾನು ಬಹಿರಂಗವಾಗಿಯೇ ಕೈ ಮುಗಿದೆ, ಈ ಸಲ ಯಾರೂ ನಗಲಿಲ್ಲ.

ಅಷ್ಟರಲ್ಲಿ ಯಂತ್ರ ಕಾಗದ ಎಳೆದುಕೊಂಡಿತು. ಯಾರೂ ಏನೂ ಹೇಳಿರಲಿಲ್ಲ. ಸರದಿಯಲ್ಲಿ ಅಷ್ಟು ದಿನ ಕಾದು ನಿಂತಿದ್ದ ಆದೇಶ ಅಚ್ಚುಕಟ್ಟಾಗಿ, ಬೆಚ್ಚಗೆ ಹೊರಗೆ ಬಂತು. ಶ್ರೀಮತಿ ಗಿರಿಜಾ ಇವರನ್ನು. ನಾನು ಅವಳ ಕಿವಿಯಲ್ಲಿ, “ಇದನ್ನ ಮೊದಲ ಅಳಿಸಿಬಿಡಾಕ ಬರೂದಿಲ್ಲೇನ?” ಎಂದೆ.

“ಬರ್ತೈತ್ರಿ,” ಎಂದಳು ಅವಳು, ಎಲ್ಲರಿಗೂ ಕೇಳುವಂತೆ. “ಸಾಹೇಬ್ರು ಹೇಳಿ ಬರಸಿದ್ದು. ನಾ ಹೆಂಗ ಅಳಸಲಿ?”

ಅವಳೇ ಹಾಳೆಯನ್ನು ತೆಗೆದು ಸಾಹೇಬರ ಕೈಗೆ ಕೊಟ್ಟಳು. ಕೊಟ್ಟು, ಪಾರವ್ವನ ಉಡಿಯ ಪ್ರಸಾದವೆಂದು ಎಲ್ಲರಿಗಾಗಿ ಒಡೆದು ತಂದಿದ್ದ ಬೆಲ್ಲ ಕೊಬ್ಬರಿಯ ಡಬ್ಬಿಯನ್ನು ಅವರ ಮುಂದೆ ಹಿಡಿದಳು. ಸಾಹೇಬರು ಆದೇಶವನ್ನು ಮೇಲಿನಿಂದ ಕೆಳಗಿನವರೆಗೆ, ಬೇರೆ ಯಾರೋ ಬರೆದದ್ದೆಂಬಂತೆ ಓದಿದರು. ಡಿಸ್‌ಪ್ಲೇಯತ್ತ ನೋಡಿ ಇನ್ನೊಮ್ಮೆ ಓದಿದರು. ಅವರ ಕೈ ಜೇಬಿನ ಪೆನ್ನಿನವರೆಗೆ ಹೋಯಿತು. ಆಮೇಲೆ ಆ ಕೈ ಪೆನ್ನು ಬಿಟ್ಟು ಡಬ್ಬಿಯೊಳಗೆ ಇಳಿದು, ಬೆಲ್ಲ ಕೊಬ್ಬರಿ ತೆಗೆದು ಆ ಹಾಳೆಯ ಮೇಲೆಯೇ, ಸಹಿ ಮಾಡುವ ಜಾಗ ಮುಚ್ಚುವ ಹಾಗೆ ಇಟ್ಟುಕೊಂಡಿತು. ಅವರು ಅಲ್ಲೇ ನಿಂತು ತಿನ್ನತೊಡಗಿದರು. ಬೆಚ್ಚನೆಯ ಕಾಗದಕ್ಕೆ ಬೆಲ್ಲ ಕರಗಿ ಅಂಟಿತು.

ಗಿರಿಜಾ ಅದನ್ನೇ ನೋಡುತ್ತಿದ್ದಳು. ಸುಮ್ಮನಿರುವುದು ಅವಳಿಗೆ ಎಂದಿಗೂ ಬರುವುದಿಲ್ಲ.

“ಸರ, ಕಾಗದಕ್ಕ ಬೆಲ್ಲ ಹತ್ತೇತ್ರಿ,” ಎಂದಳು. “ಇನ್ನೊಂದ ಕಾಪಿ ತಗೀಲೇನ್ರಿ?”

ಸಾಹೇಬರು ತಲೆ ಎತ್ತದೆ ಹೇಳಿದರು: “ಬ್ಯಾಡವ್ವ. ಬೆಲ್ಲಾನ ಇನ್ನೊಂದ ಚೂರ ಕೊಡು.”